ತಡೆದ ಗೋಲಿಗೆ ಲೆಕ್ಕವಿಲ್ಲವೇ?

ಈ ಸಲ ಹೂಮಳೆ ಬಿದ್ದ ವಾರ ಶನಿವಾರಸಂತೆಯಿಂದ ನನ್ನ ಅಕ್ಕನ ಮಗಳು ಬಾಳ್ಳುಪೇಟೆಗೆ ರಜೆಗೆ ಬಂದಿದ್ದಳು. ಶಾಲೆಯ ಹಾಕಿ ತಂಡದಲ್ಲಿ ಫುಲ್‌ಬ್ಯಾಕ್. ಜಗಲಿಯಲ್ಲಿ ನಮ್ಮ ಹುಡುಗರು ಮೊಬೈಲು ಹಿಡಿದು ‘ಅತಿ ಜನಪ್ರಿಯ ಆಟಗಾರರು’ ಎಂದು ಹತ್ತು ಹೆಸರಿನ ಪಟ್ಟಿ ಮಾಡುತ್ತಿದ್ದರು. ಹಿಂದೆ ನಿಂತು ಆಡುವವನು ಒಬ್ಬನೇ ಇದ್ದ: ನಮ್ಮ ಕೊಡಗಿನ ವಿ.ಆರ್. ರಘುನಾಥ್. ಯಾಕೆ ಹಾಕಿದಿರೋ ಎಂದೆ. “ಪೆನಾಲ್ಟಿ ಕಾರ್ನರಲ್ಲಿ ಎಂಥ ಹೊಡೆತ ಅತ್ತೆ!” ಎಂದರು.

ನೋಡಿ, ನನ್ನ ಜಗಳ ಇರುವುದೇ ಇಲ್ಲಿ. 2012ರ ಲಂಡನ್, 2016ರ ರಿಯೋ ಒಲಿಂಪಿಕ್ಸ್ ಆಡಿ, 2016ರಲ್ಲೇ ಅರ್ಜುನ ಪ್ರಶಸ್ತಿ ಪಡೆದು ನಿವೃತ್ತರಾದ ರಕ್ಷಣಾ ಆಟಗಾರ. ಅವರು ಹೊಡೆದ ಗೋಲುಗಳು ಎಲ್ಲರ ಬಾಯಲ್ಲಿವೆ. ತಡೆದವು ಎಷ್ಟು? ಲೆಕ್ಕ ಇಟ್ಟವರಾರು? ಆಗದೇ ಹೋದ ಗೋಲನ್ನು ಟಿ.ವಿ. ಮತ್ತೆ ಮತ್ತೆ ತೋರಿಸುವುದುಂಟೇ? ಮಳೆಗಾಲಕ್ಕೆ ಮುಂಚೆ ಹೆಂಚು ಸರಿಮಾಡಿಸಿದವಳನ್ನು ಯಾರೂ ಹೊಗಳುವುದಿಲ್ಲ. ಸೋರುವಾಗ ಬಕೆಟ್ ತಂದಿಟ್ಟವನೇ ಮನೆಗೆ ಶೂರ!

ದೂರದ ಜಪಾನಿನಲ್ಲೂ ಇದೇ ಕಥೆ. 2011ರ ಜುಲೈ 17, ಫ್ರಾಂಕ್‌ಫರ್ಟ್. ಮಹಿಳಾ ವಿಶ್ವಕಪ್ ಫುಟ್‌ಬಾಲ್ ಫೈನಲ್, ಅಮೆರಿಕದ ಎದುರು 2-2. ಇನ್ನೇನು ಆಟ ಮುಗಿಯಬೇಕು, ಅಮೆರಿಕದ ಅಲೆಕ್ಸ್ ಮಾರ್ಗನ್ ಗೋಲಿನತ್ತ ನುಗ್ಗಿದಳು. ರಕ್ಷಕಿ ಅಜುಸಾ ಇವಾಶಿಮಿಜು ಅವಳನ್ನು ಬೀಳಿಸಿ ಕೆಂಪು ಕಾರ್ಡು ಪಡೆದು ಹೊರನಡೆದಳು. ಗೋಲಾಗಲಿಲ್ಲ. ಪೆನಾಲ್ಟಿಯಲ್ಲಿ ಜಪಾನ್ 3-1ರಿಂದ ಗೆದ್ದಿತು. ಚಿನ್ನದ ಬೂಟು, ಚಿನ್ನದ ಚೆಂಡು ಎರಡೂ ಸಮ ಮಾಡುವ ಗೋಲು ಹೊಡೆದಿದ್ದ ಹೊಮಾರೆ ಸಾವಾಳಿಗೆ. ಸಾವಾ ಅರ್ಹಳೇ, ಅದರಲ್ಲಿ ತಕರಾರಿಲ್ಲ. ಬೀಳಿಸಿದ್ದು ಸರಿಯೆಂದೂ ನಾನು ಹೇಳುತ್ತಿಲ್ಲ. ಆದರೆ ಆ ಕ್ಷಣ ಇವಾಶಿಮಿಜು ಅಲ್ಲಿಗೆ ಓಡಿ ಬಾರದಿದ್ದರೆ ಕಪ್ಪು ಯಾರ ಪಾಲಾಗುತ್ತಿತ್ತೋ!

“ಆಟ ತಾನೇ, ಜನರ ಇಷ್ಟ, ನಿನಗೇನು ಸಂಕಟ?” ಎಂದರು ನಮ್ಮ ಯಜಮಾನರು. ಸಂಕಟ ಇದೆ. ಬಹುಮಾನ, ಆಯ್ಕೆ, ಮೇಷ್ಟರ ಮೆಚ್ಚುಗೆ ಎಲ್ಲವೂ ಈ ಪಟ್ಟಿಯ ಹಿಂದೆಯೇ ಹೋಗುತ್ತವೆ. ನಮ್ಮ ಹುಡುಗಿ ನಾಲ್ಕು ಪಂದ್ಯದಲ್ಲಿ ಬಿಟ್ಟಿದ್ದು ಒಂದೇ ಗೋಲು. ಲೋಟ ಸಿಕ್ಕಿದ್ದು ಮುಂದೆ ಆಡಿದವಳಿಗೆ, ಬೈಗುಳ ಸಿಕ್ಕಿದ್ದು ಆ ಒಂದು ಗೋಲಿಗಾಗಿ ಇವಳಿಗೆ. ರಾತ್ರಿ ಪಾತ್ರೆ ಒರೆಸುತ್ತಾ, “ಚಿಕ್ಕಮ್ಮ, ಮುಂದಿನ ವರ್ಷ ನಾನೂ ಫಾರ್ವರ್ಡ್ ಆಡ್ತೀನಿ, ಹಿಂದೆ ನಿಂತ್ರೆ ಯಾರೂ ನೋಡಲ್ಲ” ಎಂದಳು. ಹದಿಮೂರು ವರ್ಷದ ಹುಡುಗಿಗೆ ಇದನ್ನು ಕಲಿಸಿದವರು ಯಾರು? ಆ ಹತ್ತು ಹೆಸರು ಬರೆದವರೂ, ಬಾಯಿ ಮುಚ್ಚಿಕೊಂಡು ಓದಿದ ನಾವೂ ಅಲ್ಲವೇ?

ಬೆಳಿಗ್ಗೆ ಹುಡುಗರನ್ನೆಲ್ಲ ಕಾಫಿ ಕಣಕ್ಕೆ ಕರೆದೆ. “ಅವಳನ್ನು ದಾಟಿಸಿ ಏಳು ಚೆಂಡು ಹೊಡೆಯಿರಿ, ಆಮೇಲೆ ಪಟ್ಟಿ ಬರೆಯಿರಿ” ಎಂದೆ. ಆರು ದಾಟಲಿಲ್ಲ. ಏಳನೆಯದು ನನ್ನ ದಾಸವಾಳದ ಕುಂಡ ಒಡೆಯಿತು. “ಅದು ಬಿಟ್ಟಿದ್ದಲ್ಲ ಚಿಕ್ಕಮ್ಮ, ಕೋಲಿಗೆ ತಾಗಿ ಆಚೆ ಹೋಗಿದ್ದು” ಎಂದು ಅವಳು ಜಗಳಕ್ಕೇ ನಿಂತಳು.