ಮಾರಿದ ಮೇಲೆ ಮುಗಿಯಿತೆ?

ಬಳಸಿದ ರೇಡಿಯೋ, ಆಂಪ್ಲಿಫೈಯರ್, ರೆಕಾರ್ಡ್ ಪ್ಲೇಯರುಗಳನ್ನು ಅಂತರ್ಜಾಲದಲ್ಲಿ ಕೊಳ್ಳುವ ಹವ್ಯಾಸವು ನಮ್ಮ ವಿದ್ಯಾರ್ಥಿಗಳಲ್ಲಿಯೂ ಹಬ್ಬುತ್ತಿದೆ. ಇದನ್ನು ನಾನು ಹಳಿಯಲಾರೆ. ನಾನೂ ಆ ಗುಂಪಿನವನೇ. ಆದರೆ ಮಾರುವವನ ಹೊಣೆಯು ಹಣ ಕೈಸೇರಿದೊಡನೆ ಮುಗಿಯತಕ್ಕದ್ದಲ್ಲವೆಂಬುದು ನನ್ನ ವಾದ.

ನಮ್ಮ ತಾತನವರ ಎಲ್.ಪಿ. ರೆಕಾರ್ಡುಗಳು ಬಹುಕಾಲದಿಂದ ಬೀರುವಿನಲ್ಲಿ ಮೌನವಾಗಿದ್ದವು. ಅವರು ಅವನ್ನು ಇನ್ನೊಮ್ಮೆ ಕೇಳಲೆಂದು, ಕಳೆದ ವರ್ಷ ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣದಿಂದ, ದೂರದ ಊರಿನವರೊಬ್ಬರಿಂದ ಹಳೆಯ ಪ್ಲೇಯರೊಂದನ್ನು ತರಿಸಿದೆನು. ಪೆಟ್ಟಿಗೆ ಬಂದಿತು. ಮೇಲೆ ‘ಒಡೆಯುವ ವಸ್ತು, ಎಚ್ಚರಿಕೆ’ ಎಂದು ಕೆಂಪು ಅಕ್ಷರಗಳು. ಒಳಗೆ ಒಡೆದ ಮುಚ್ಚಳ, ಮುರಿದ ಮುಳ್ಳು! ರೆಕಾರ್ಡನ್ನು ತಿರುಗಿಸುವ ಭಾರವಾದ ತಟ್ಟೆಯನ್ನು ಅವರು ಕಳಚಿರಲಿಲ್ಲ. ದಾರಿಯ ಕುಲುಕಾಟಕ್ಕೆ ಅದು ಮೇಲೆದ್ದು ಎಲ್ಲವನ್ನೂ ಜಜ್ಜಿತ್ತು. “ಹೋಗಲಿ ಬಿಡು ಮಗು” ಎಂದರು ತಾತ. ಆ ಸಮಾಧಾನದ ಮಾತೇ ನನ್ನನ್ನು ಹೆಚ್ಚು ನೋಯಿಸಿತು.

ಮಾರಿದವರು ಮೋಸಗಾರರಲ್ಲ, ಅಲಕ್ಷ್ಯ ಮಾಡಿದವರು. ತಟ್ಟೆಯನ್ನೂ, ಮುಳ್ಳಿನ ಕೈಯ ಹಿಂತುದಿಯ ತೂಕದ ಗುಂಡನ್ನೂ ಕಳಚಿ ಬೇರೆಬೇರೆಯಾಗಿ ಸುತ್ತಿ, ಮುಳ್ಳಿಗೆ ಕಾಪು ತೊಡಿಸಿ, ಕೈಯನ್ನು ಅದರ ಆಸರೆಗೆ ಕಟ್ಟಿ, ಪೆಟ್ಟಿಗೆಯೊಳಗೆ ಪೆಟ್ಟಿಗೆಯಿಟ್ಟು ನಡುವೆ ಮೆತ್ತೆ ತುಂಬಿದ್ದರೆ ಬಹುಶಃ ಈ ನಷ್ಟ ತಪ್ಪುತ್ತಿತ್ತು. ಕೆಂಪು ಅಕ್ಷರಗಳು ಪೆಟ್ಟನ್ನು ತಡೆಯುವವೆ?

ಕೊಳ್ಳುವವರ ಕರ್ತವ್ಯವೂ ಉಂಟು. ಯಂತ್ರವು 33, 45, 78 ಇವುಗಳಲ್ಲಿ ಯಾವ ವೇಗಗಳಲ್ಲಿ ತಿರುಗುವುದು, ಹೇಗೆ ಕಟ್ಟಿ ಕಳುಹಿಸುವರು ಎಂಬುದನ್ನು ಹಣ ಕೊಡುವ ಮೊದಲೇ ಕೇಳಬೇಕು. ನಾನು ಬೆಲೆಯೊಂದನ್ನೇ ಕೇಳಿದ್ದೆ. ಆ ತಪ್ಪು ನನ್ನದು.

ಎದುರಿಗಿರುವ ಗಿರಾಕಿಗೆ ಅಂಜಿ ನಡೆಯುವುದು ಸುಲಭ. ಮುಖ ಕಾಣದವನಿಗಾಗಿ ಕಟ್ಟುವ ಕಟ್ಟಿನಲ್ಲಿಯೇ ಮಾರುವವನ ಪ್ರಾಮಾಣಿಕತೆಯು ತಿಳಿಯುವುದು.