ಘಟ್ಟದ ದಾರಿಯಲ್ಲಿ ಸೈಕಲ್ಲು

ಮಳೆ ಹಿಂದೆಗೆದು ಅಡಿಕೆ ಕೊಯ್ಲಿನ ಗಡಿಬಿಡಿ ಆರಂಭವಾಗುವ ಹೊತ್ತಿಗೆ ನಮಗೆ ಒಂದು ಬಗೆಯ ಪತ್ರಗಳು ಬರತೊಡಗುತ್ತವೆ. ಬರೆಯುವವರು ಬಹುಪಾಲು ಬೆಂಗಳೂರು, ಮೈಸೂರು, ಮಂಗಳೂರಿನವರು. ಈಚೆಗೆ ಶಿವಮೊಗ್ಗ, ಚಿಕ್ಕಮಗಳೂರಿನ ತರುಣರೂ ಸೇರಿದ್ದಾರೆ. ಮಲೆನಾಡಿನಲ್ಲಿ ಎರಡು ದಿನ ಸೈಕಲ್ ತುಳಿಯುವ ಆಸೆಯಿದೆ, ಎಂಥ ಸೈಕಲ್ ತರಬೇಕು, ಯಾವ ದಾರಿ ಹಿಡಿಯಬೇಕು ಎಂಬುದು ಎಲ್ಲರ ಪ್ರಶ್ನೆ. ಹೊಗೆಯುಗುಳದ ವಾಹನವೇರಿ ಈ ಬೆಟ್ಟಗಳನ್ನು ನೋಡಬಯಸುವವರು ನಮಗೆ ನೆಂಟರೇ ಸರಿ. ಆದರೆ ‘ಧಾರಾಳವಾಗಿ ಬನ್ನಿ’ ಎಂದು ಎರಡು ಸಾಲು ಬರೆದು ಕೈತೊಳೆದುಕೊಳ್ಳಲು ಕಳೆದ ವರ್ಷದ ಒಂದು ಘಟನೆ ನಮ್ಮನ್ನು ಬಿಡುತ್ತಿಲ್ಲ.

ನಮ್ಮ ಬಳಗದ ಗೆಳೆಯರೊಬ್ಬರು ಸ್ನೇಹಿತನ ಸೈಕಲ್ಲನ್ನು ಎರವಲು ಪಡೆದು ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುತ್ತಿದ್ದರು. ಅದು ಅವರ ಅಳತೆಗಿಂತ ದೊಡ್ಡ ಸೈಕಲ್ಲು. ಹ್ಯಾಂಡಲ್ ಹಿಡಿಯಲು ಮುಂದಕ್ಕೆ ಚಾಚಿಯೇ ಕೂರಬೇಕು. ಮುಂದಿನ ಬ್ರೇಕು ಹಿಡಿದರೆ ಮಗುಚಿ ಬೀಳುತ್ತೇವೆ ಎಂದು ಬಾಲ್ಯದಲ್ಲಿ ಯಾರೋ ಹೇಳಿದ್ದ ಮಾತನ್ನು ನಂಬಿ ದಾರಿಯುದ್ದಕ್ಕೂ ಹಿಂದಿನ ಬ್ರೇಕೊಂದನ್ನೇ ಅದುಮಿ ಹಿಡಿದಿದ್ದರು. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಹಿಂದಿನ ಟ್ಯೂಬು ಸಿಡಿಯಿತು. ಸೈಕಲ್ಲು ಓಲಾಡಿ ಚರಂಡಿಗೆ ಬಿತ್ತು, ಅವರ ಭುಜದ ಮೂಳೆ ಮುರಿಯಿತು. ಚರಂಡಿ ಧರೆಯ ಕಡೆಗಿತ್ತು. ಇನ್ನೊಂದು ಕಡೆಗೆ ಬಿದ್ದಿದ್ದರೆ ಈ ಬರಹದ ಧಾಟಿಯೇ ಬೇರೆಯಾಗುತ್ತಿತ್ತು.

ಬಯಲುಸೀಮೆಯಿಂದ ಬರುವ ಸವಾರರು ಅಂಜುವುದು ಏರಿಗೆ. ಏರು ಯಾರನ್ನೂ ಕೊಲ್ಲುವುದಿಲ್ಲ. ದಣಿವಾದರೆ ಇಳಿದು ತಳ್ಳಿಕೊಂಡು ಹೋಗಬಹುದು. ಅಪಾಯವಿರುವುದು ಇಳಿತದಲ್ಲಿ. ಆಗುಂಬೆಯ 14 ಹಿಮ್ಮುರಿ ತಿರುವುಗಳನ್ನು ದಾಟಿ ಕೆಳಗೆ ತಲುಪುವಾಗ ಸವಾರ ಸುಮಾರು 500 ಮೀಟರ್ ಕೆಳಗಿಳಿದಿರುತ್ತಾನೆ. ಸವಾರ, ಸೈಕಲ್ಲು, ಚೀಲ ಎಲ್ಲ ಸೇರಿ 90 ಕಿಲೋ ಎಂದಿಟ್ಟುಕೊಂಡರೆ ಅಷ್ಟು ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಒಂದು ಲೀಟರಿಗೂ ಮಿಕ್ಕಿದ ತಣ್ಣೀರನ್ನು ಕುದಿಸಲು ಸಾಕು. ಅದರಲ್ಲೊಂದು ಪಾಲನ್ನು ಗಾಳಿ ನುಂಗುತ್ತದೆ, ಉಳಿದದ್ದೆಲ್ಲ ಬ್ರೇಕಿನ ಪಾಲು. ರಿಮ್ಮನ್ನು ಹಿಡಿಯುವ ಬ್ರೇಕಾದರೆ ಆ ಶಾಖ ರಿಮ್ಮಿಗೆ, ಅಲ್ಲಿಂದ ಟ್ಯೂಬಿಗೆ ಹಾಯುತ್ತದೆ. ಒಂದೇ ಚಕ್ರ ಎಲ್ಲವನ್ನೂ ಹೊತ್ತರೆ ಏನಾಗುತ್ತದೆಂಬುದನ್ನು ಮೇಲೆ ಹೇಳಿದ್ದೇವೆ. ಡಿಸ್ಕ್ ಬ್ರೇಕಿದ್ದರೆ ಟ್ಯೂಬಿನ ಭಯವಿಲ್ಲ, ಆದರೆ ಸವೆದ ಪ್ಯಾಡು ಅಲ್ಲಿಯೂ ಕೈಕೊಡುತ್ತದೆ. ಇಳಿದ ಕೂಡಲೇ ಅದರ ತಟ್ಟೆಯನ್ನು ಮುಟ್ಟಿದರೆ ಬೆರಳು ಸುಡುತ್ತದೆ.

ಆದುದರಿಂದ ಎರಡೂ ಬ್ರೇಕುಗಳನ್ನು ಬಳಸಬೇಕು. ಅದುಮಿ ಬಿಡಬೇಕು, ಮತ್ತೆ ಅದುಮಬೇಕು. ನಿಲ್ಲಿಸುವ ಬಲ ಹೆಚ್ಚಾಗಿರುವುದು ಮುಂದಿನ ಬ್ರೇಕಿನಲ್ಲಿಯೇ. ಮೈಯನ್ನು ಕೊಂಚ ಹಿಂದಕ್ಕೆ ಸರಿಸಿ ಅದನ್ನು ಹದವಾಗಿ ಒತ್ತಿದರೆ ಮಗುಚುವ ಭಯವಿಲ್ಲ, ಥಟ್ಟನೆ ಹಿಂಡಿದರೆ ಮಾತ್ರ ಇದೆ. ಯಾವ ಹಿಡಿಕೆ ಯಾವ ಚಕ್ರದ್ದೆಂದು ಹೊರಡುವ ಮುನ್ನವೇ ನೋಡಿಕೊಳ್ಳಿ, ಎಲ್ಲ ಸೈಕಲ್ಲುಗಳಲ್ಲಿ ಅದು ಒಂದೇ ಕಡೆಗಿರುವುದಿಲ್ಲ. ವೇಗವನ್ನು ತಿರುವಿಗೆ ಮೊದಲೇ ಇಳಿಸಬೇಕು. ತಿರುವಿನ ನಡುವೆ ಬ್ರೇಕು ಹಿಡಿದರೆ ಚಕ್ರ ಜಾರುತ್ತದೆ, ಅದರಲ್ಲೂ ಅಲ್ಲಿ ಜಲ್ಲಿಯೋ ಪಾಚಿಯೋ ಇದ್ದರೆ ಹೇಳುವುದೇ ಬೇಡ. ಅರ್ಧ ದಾರಿಯಲ್ಲಿ ಅಗಲವಾದ ಜಾಗ ನೋಡಿ ಐದು ನಿಮಿಷ ನಿಲ್ಲಿ. ರಿಮ್ಮು ತಣಿಯುತ್ತದೆ, ಕೈ ಸೆಳೆತ ಕಡಿಮೆಯಾಗುತ್ತದೆ, ಕಣಿವೆಯೂ ಕಾಣುತ್ತದೆ. ನಮ್ಮ ಹಳೆಯ ಕರಿ ಸೈಕಲ್ಲುಗಳ ಕಂಬಿ ಬ್ರೇಕು ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮಿನ ಮೇಲೆ ಹಿಡಿಯುವುದೇ ಇಲ್ಲವೆಂಬುದು ಹಳಬರಿಗೆಲ್ಲ ತಿಳಿದದ್ದೇ. ಘಾಟಿ ಬಂತೆಂದರೆ ಅವರು ಇಳಿದು ನಡೆಯುತ್ತಿದ್ದರು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ.

ಇನ್ನು ಗೇರಿನ ಮಾತು. ಅಂಗಡಿಯಲ್ಲಿ ಎಷ್ಟು ಗೇರು ಎಂದು ಕೇಳುವುದು ವಾಡಿಕೆ. ಕೇಳಬೇಕಾದದ್ದು ಅತಿ ಹಗುರವಾದ ಗೇರು ಎಷ್ಟು ಹಗುರ ಎಂದು. ಮುಂದೆ 44 ಹಲ್ಲು, ಹಿಂದೆ 18 ಹಲ್ಲುಗಳಿರುವ ಗೇರಿಲ್ಲದ ಸೈಕಲ್ಲು ಪೆಡಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರ್ ಸಾಗುತ್ತದೆ. ಬಯಲಿನಲ್ಲಿ ಇದು ಹಿತ, ಘಟ್ಟದಲ್ಲಿ ಮಂಡಿಗೆ ಶಿಕ್ಷೆ. ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 22, ಹಿಂದಿನ ದೊಡ್ಡದಕ್ಕೆ 34 ಹಲ್ಲುಗಳಿದ್ದರೆ ಒಂದು ಸುತ್ತಿಗೆ ಒಂದೂವರೆ ಮೀಟರಿಗೂ ಕಡಿಮೆ ದೂರ, ಅಂದರೆ ಕಾಲು ಪಾಲು ಮಾತ್ರ. ನಡಿಗೆಗಿಂತ ತುಸುವೇ ಹೆಚ್ಚಿನ ವೇಗ, ಆದರೆ ದಿನವಿಡೀ ಏರಬಹುದು. ಏರು ಶುರುವಾಗುವ ಮೊದಲೇ ಗೇರು ಬದಲಿಸಿ, ಭಾರ ಬಿದ್ದ ಮೇಲೆ ಬದಲಿಸಿದರೆ ಚೈನು ಕಳಚುತ್ತದೆ. ಟಯರು ತೀರ ತೆಳ್ಳಗಿನದು ಬೇಡ. 35 ಮಿಲಿಮೀಟರಿನ ಆಸುಪಾಸಿನದು ಮಳೆಗಾಲ ಕಳೆದ ನಮ್ಮ ರಸ್ತೆಗಳಿಗೆ ಸರಿಯಾದೀತು. ಉಬ್ಬು ಹಲ್ಲಿನ ದಪ್ಪ ಟಯರಿಗೆ ದುಡ್ಡು ಸುರಿಯುವವರನ್ನು ಕಂಡರೆ ನಮಗೆ ಕನಿಕರ. ಡಾಂಬರಿನ ಮೇಲೆ ಅದು ಸದ್ದು ಮಾಡುತ್ತದೆ, ಅಷ್ಟೇ.

ಸೈಕಲ್ಲಿನ ಬೆಲೆಗಿಂತ ಮುಖ್ಯವಾದದ್ದು ಅದು ಮೈಗೆ ಹೊಂದುವುದು. ಎರಡೂ ಕಾಲೂರಿ ನಿಂತಾಗ ಮೇಲಿನ ಅಡ್ಡಕೊಳವೆಗೂ ನಿಮಗೂ ನಡುವೆ ಎರಡು ಮೂರು ಬೆರಳಿನಷ್ಟಾದರೂ ಅಂತರವಿರಬೇಕು. ಸೀಟಿನ ಎತ್ತರ ನೋಡಲು ಗೋಡೆಗೆ ಆನಿಕೊಂಡು ಕುಳಿತು ಹಿಮ್ಮಡಿಯನ್ನು ಪೆಡಲಿನ ಮೇಲಿಡಿ. ಪೆಡಲು ಕೆಳತುದಿಯಲ್ಲಿದ್ದಾಗ ಕಾಲು ನೆಟ್ಟಗಾಗಬೇಕು, ಸೊಂಟ ಓರೆಯಾಗಬಾರದು. ತುಳಿಯುವುದು ಪಾದದ ಮುಂಭಾಗದಿಂದಾದ್ದರಿಂದ ಆಗ ಮಂಡಿ ತುಸುವೇ ಬಾಗಿರುತ್ತದೆ, ಅದೇ ಸರಿಯಾದ ಎತ್ತರ. ಲೆಕ್ಕ ಬೇಕೆನ್ನುವವರು ಬರಿಗಾಲಲ್ಲಿ ನಿಂತು ತೊಡೆಸಂದಿಯಿಂದ ನೆಲದವರೆಗೆ ಅಳೆದು ಅದನ್ನು 0.883ರಿಂದ ಗುಣಿಸಲಿ, ಪೆಡಲು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ದೂರವಿದ್ದರಾಯಿತು. ಎಂಬತ್ತು ಸೆಂಟಿಮೀಟರ್ ಕಾಲಿನವರಿಗೆ ಎಪ್ಪತ್ತೂವರೆ ಬಂದೀತು. ಇದು ಆರಂಭದ ಅಂದಾಜು, ಉಳಿದದ್ದನ್ನು ಮೈಯೇ ಹೇಳುತ್ತದೆ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ, ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿದೆ. ಅಂಗೈ ಜೋಮು ಹಿಡಿದರೆ ಮೈಭಾರವೆಲ್ಲ ಹ್ಯಾಂಡಲಿನ ಮೇಲಿದೆ ಎಂದರ್ಥ. ಹ್ಯಾಂಡಲನ್ನು ಮೇಲಕ್ಕೆ ಅಥವಾ ಹತ್ತಿರಕ್ಕೆ ತರಬೇಕು. ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳಿಗೆ ಅಣ್ಣನ ಸೈಕಲ್ಲನ್ನೇ ಕೊಟ್ಟು ‘ಇವಳಿಗೆ ಸೈಕಲ್ ಒಗ್ಗುವುದಿಲ್ಲ’ ಎನ್ನುವವರನ್ನು ಕಂಡಿದ್ದೇವೆ. ಒಗ್ಗದಿರುವುದು ಅಳತೆ.

ತಲೆಗೆ ಹೆಲ್ಮೆಟ್ಟು ಬೇಕೇ ಬೇಕು. ಹುಬ್ಬಿನ ಮೇಲೆ ಎರಡು ಬೆರಳಿನಷ್ಟೇ ಬಿಟ್ಟು ಅದು ಕೂರಬೇಕು. ಒಮ್ಮೆ ಪೆಟ್ಟು ತಿಂದದ್ದನ್ನು ಮತ್ತೆ ಬಳಸಬಾರದು. ಮಂಜಿನ ಮುಂಜಾವಿಗೆ ಹಿಂದೊಂದು ಕೆಂಪು ದೀಪ, ಮುಂದೊಂದು ಬಿಳಿ ದೀಪ, ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ. ಕಾಡಿನ ದಾರಿಯಾದ್ದರಿಂದ ಹಸಿರಂಗಿ ಚೆಂದವೆಂದು ತೊಟ್ಟು ಬಂದವರು ಎಲೆಗಳ ನಡುವೆ ಲಾರಿಯವನಿಗೆ ಕಾಣಿಸುವುದಿಲ್ಲ. ಪಂಕ್ಚರ್ ಸಾಮಾನು, ಪಂಪು, ಒಂದು ಹೆಚ್ಚಿನ ಟ್ಯೂಬು ಜೊತೆಯಲ್ಲಿರಲಿ.

ಈಗ ದಾರಿಯ ಪ್ರಶ್ನೆಗೆ ಬರೋಣ. ಅಗಲವಾದ, ನುಣುಪಾದ ರಸ್ತೆಯೇ ಸುರಕ್ಷಿತವೆಂದು ಪತ್ರ ಬರೆಯುವವರು ಭಾವಿಸಿರುತ್ತಾರೆ. ಘಟ್ಟದ ರಸ್ತೆಗಳನ್ನು ಅಗಲಗೊಳಿಸಲು ಹೊರಡುವವರೂ ಇದೇ ಮಾತನ್ನು ಮುಂದಿಡುತ್ತಾರೆ. ಸೈಕಲ್ ಸವಾರನ ಅನುಭವ ಇದಕ್ಕೆ ತದ್ವಿರುದ್ಧ. ರಸ್ತೆ ಅಗಲವಾದಂತೆ ವಾಹನಗಳ ವೇಗ ಏರುತ್ತದೆ. ವೇಗ ಮೂವತ್ತರಿಂದ ಅರವತ್ತಕ್ಕೇರಿದರೆ ಅಪ್ಪಳಿಸುವ ಶಕ್ತಿ ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ಹಗಲಿರುಳೂ ಲಾರಿ, ಟ್ಯಾಂಕರುಗಳು ಹರಿಯುವ ಶಿರಾಡಿಯಲ್ಲಿ ಸೈಕಲ್ ತುಳಿಯಬೇಡಿ ಎಂದೇ ನಾವು ಹೇಳುತ್ತೇವೆ. ಇನ್ನು ಅಗಲಕ್ಕಾಗಿ ಗುಡ್ಡವನ್ನು ನೆಟ್ಟಗೆ ಕಡಿದರೆ ಮಳೆಗಾಲದಲ್ಲಿ ಧರೆ ಕುಸಿಯುತ್ತದೆ. 2019ರ ಆಗಸ್ಟ್ ತಿಂಗಳ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ಸಂಚಾರ ನಿಂತದ್ದನ್ನೂ, 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿದ್ದು ಜನ ಜೀವ ತೆತ್ತದ್ದನ್ನೂ ಮರೆಯಲಾಗದು. ಸೈಕಲ್ಲಿಗೆ ಕ್ಷೇಮಕರವಾದ ರಸ್ತೆ ಯಾವುದೆಂದರೆ, ಎದುರಿನಿಂದ ಬಂದ ಜೀಪು ಬದಿಗೆ ಸರಿದು ನಿಂತು ‘ಎಲ್ಲಿಗೆ ಹೊರಟಿರಿ’ ಎಂದು ಕೇಳುವಷ್ಟು ಕಿರಿದಾದದ್ದು.

ಅಂಥ ದಾರಿಗಳು ಇನ್ನೂ ಉಳಿದಿವೆ. ಶೃಂಗೇರಿಯಿಂದ ಕಿಗ್ಗ ಹತ್ತು ಕಿಲೋಮೀಟರಿನ ಆಸುಪಾಸು, ಅಲ್ಲಿಂದ ಸಿರಿಮನೆ ಜಲಪಾತಕ್ಕೆ ಇನ್ನೊಂದಿಷ್ಟು. ಗದ್ದೆ ತೋಟಗಳ ನಡುವಿನ ಈ ದಾರಿ ಹೊಸಬರಿಗೆ ಒಂದು ದಿನಕ್ಕೆ ಹಿತವಾದ ಪ್ರಯಾಣ. ವಾರದ ನಡುವಿನಲ್ಲಾದರೆ ಇನ್ನೂ ಹಿತ. ತುಂಗಾ ತೀರದ ಹರಿಹರಪುರದ ಸುತ್ತಲಿನ ಒಳರಸ್ತೆಗಳೂ ಇಂಥವೇ. ತೀರ್ಥಹಳ್ಳಿಯಿಂದ ಕುಪ್ಪಳಿ ಇಪ್ಪತ್ತು ಕಿಲೋಮೀಟರಿಗೂ ಕಡಿಮೆ, ಆದರೆ ದಾರಿಯ ಬಹುಭಾಗ ಬಸ್ಸುಗಳು ಓಡಾಡುವ ರಸ್ತೆ. ವೇಳೆಗೆ ಸರಿಯಾಗಿ ಊರು ಮುಟ್ಟುವ ಅವಸರದಲ್ಲಿರುವ ಖಾಸಗಿ ಬಸ್ಸಿನ ಹಾರನ್ನು ಹಿಂದೆ ಕೇಳಿಸಿದರೆ ಹಕ್ಕಿನ ಮಾತು ಬಿಟ್ಟು ರಸ್ತೆಯಿಂದಿಳಿಯಿರಿ. ಡಾಂಬರಿನ ಅಂಚು ಮಳೆಗೆ ಕೊರೆದು ಗೇಣುದ್ದ ಕೆಳಗಿರಬಹುದು, ನೋಡಿಕೊಂಡು ಇಳಿಯಿರಿ. ಮುಳ್ಳಯ್ಯನಗಿರಿಯ ರಸ್ತೆಯಲ್ಲಿ ಶನಿವಾರ, ಭಾನುವಾರ ಕಾರುಗಳ ಸಾಲು. ಆ ದಿನಗಳಲ್ಲಿ ಅತ್ತ ಹೋಗದಿರುವುದೇ ಲೇಸು. ಕುದುರೆಮುಖದ ದಾರಿ ರಾಷ್ಟ್ರೀಯ ಉದ್ಯಾನದೊಳಗೆ ಹಾಯುತ್ತದೆ. ತನಿಖಾ ಠಾಣೆಯಲ್ಲಿ ಸೈಕಲ್ಲಿಗೆ ಅನುಮತಿಯನ್ನೂ ವೇಳೆಯನ್ನೂ ಕೇಳಿಕೊಂಡೇ ಮುಂದುವರಿಯಬೇಕು. 2005ರ ಕೊನೆಯಲ್ಲಿ ಗಣಿಗಾರಿಕೆ ನಿಂತ ಮೇಲೆ ಆ ಪಟ್ಟಣ ಬಹುಮಟ್ಟಿಗೆ ಖಾಲಿಯಾಗಿದೆ. ಊಟವೋ ಪಂಕ್ಚರ್ ಅಂಗಡಿಯೋ ಸಿಕ್ಕೀತೆಂದು ನೆಚ್ಚಿಕೊಳ್ಳಬೇಡಿ.

ಕಾಲವೂ ಮುಖ್ಯ. ನವೆಂಬರಿನಿಂದ ಫೆಬ್ರವರಿಯವರೆಗೆ ಸವಾರಿಗೆ ಹದವಾದ ಹವೆ. ಮಳೆಗಾಲದಲ್ಲಿ ಬರುವ ಹಟವಿದ್ದವರಿಗೆ ಇಂಬಳಕ್ಕಿಂತ ರಸ್ತೆಯ ಪಾಚಿ, ಮರದ ಕೊಂಬೆಗಳ ಭಯವಿರಲಿ. ಸುಗ್ಗಿಯ ಹೊತ್ತಿನಲ್ಲಿ ನಮ್ಮ ರೈತರು ಹುಲ್ಲನ್ನು ರಸ್ತೆಯ ಮೇಲೆಯೇ ಹರಡುತ್ತಾರೆ. ಅದರ ಮೇಲೆ ಟಯರು ಜಾರುತ್ತದೆ, ಹುಲ್ಲು ಚೈನಿಗೆ ಸುತ್ತಿಕೊಳ್ಳುತ್ತದೆ. ಇಳಿದು ದಾಟುವುದು ಸುಲಭ, ಒಕ್ಕುವವರಿಗೂ ಸಮಾಧಾನ. ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಋತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟ ಈ ರೋಗ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ದಣಿವಾರಿಸಿಕೊಳ್ಳಲು ಕಾಡಿನಂಚಿನ ತರಗೆಲೆಯ ಮೇಲೆ ಒರಗಬೇಡಿ. ಮೋರಿಯ ಕಟ್ಟೆಯ ಮೇಲೆ ಕುಳಿತುಕೊಳ್ಳಿ, ಸಂಜೆ ಮೈಮೇಲೆ ಉಣುಗು ಕಚ್ಚಿದೆಯೇ ಎಂದು ನೋಡಿಕೊಳ್ಳಿ. ಆ ಬಳಿಕದ ದಿನಗಳಲ್ಲಿ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ಹೇಳಲು ಮರೆಯಬೇಡಿ.

ಸಕಲೇಶಪುರ, ಆಲೂರು, ಕೊಡಗಿನ ಕಡೆ ಆನೆಗಳ ಓಡಾಟವಿದೆ. ಸೈಕಲ್ಲು ಸದ್ದಿಲ್ಲದ ವಾಹನವೆಂದು ನಾವೆಲ್ಲ ಹೊಗಳುತ್ತೇವೆ, ಆದರೆ ತಿರುವಿನಾಚೆ ನಿಂತ ಆನೆಗೆ ನೀವು ಬರುತ್ತಿರುವುದು ತಿಳಿಯುವುದೇ ಇಲ್ಲ. ಬೆಚ್ಚಿದ ಆನೆ ಓಡಿಹೋಗುತ್ತದೆಂಬ ಖಾತ್ರಿಯಿಲ್ಲ. ಬೆಳಕು ಹರಿದು ಜನ ಓಡಾಡತೊಡಗಿದ ಮೇಲೆ ಹೊರಟು ಸಂಜೆಗೆ ಮುನ್ನವೇ ಊರು ಸೇರಬೇಕು. ಆನೆ ಎಲ್ಲಿದೆಯೆಂದು ಚಹಾದಂಗಡಿಯಲ್ಲಿ ಕೇಳಿದರೆ ತಕ್ಷಣ ಹೇಳುತ್ತಾರೆ.

ಒಂದು ಕೊರಗನ್ನೂ ಹೇಳಿಬಿಡುತ್ತೇವೆ. ಹೋದ ಚಳಿಗಾಲದಲ್ಲಿ ನಮ್ಮೂರ ದಾರಿಯಲ್ಲಿ ಒಂದು ಸೈಕಲ್ ಯಾತ್ರೆ ಹಾದುಹೋಯಿತು. ಸವಾರರ ಹಿಂದೆ ನೀರು, ಹಣ್ಣು ಹೊತ್ತ ಕಾರುಗಳ ಮೆರವಣಿಗೆ. ದಾರಿ ತೋರಿಸಲು ಮರಗಳ ಮೇಲೆ ಬಳಿದ ಬಾಣದ ಗುರುತುಗಳು ಇನ್ನೂ ಮಾಸಿಲ್ಲ. ಇನ್ನು ಕೆಲವರು ಗುಡ್ಡದ ಹುಲ್ಲುಗಾವಲಿನ ಮೇಲೆ ಸೈಕಲ್ ಓಡಿಸುವುದನ್ನೇ ಸಾಹಸವೆಂದು ಬಗೆದಿದ್ದಾರೆ. ಚಕ್ರ ಕೊರೆದ ಗೆರೆ ಮುಂದಿನ ಮಳೆಗೆ ಕಾಲುವೆಯಾಗುತ್ತದೆ, ಅದರ ಮಾರನೆಯ ಮಳೆಗೆ ಕೊರಕಲು. ಜೀಪು ಅಲ್ಲಿಗೆ ಬರಬಾರದೆಂದು ಹೋರಾಡುವ ನಾವು ಸೈಕಲ್ಲೆಂಬ ಮಾತ್ರಕ್ಕೆ ಸುಮ್ಮನಿರಲಾರೆವು. ದಯವಿಟ್ಟು ರಸ್ತೆಯ ಮೇಲೆಯೇ ಇರಿ.

ಹೊರಡುವ ಮುನ್ನ ದಾರಿಯನ್ನೂ ಮರಳುವ ವೇಳೆಯನ್ನೂ ಮನೆಯಲ್ಲಿ ಬರೆದಿಟ್ಟು ಬನ್ನಿ. ಹಲವು ಕಣಿವೆಗಳಲ್ಲಿ ಮೊಬೈಲ್ ಸಂಪರ್ಕ ದೊರೆಯುವುದಿಲ್ಲ. ದೊರೆಯುವಲ್ಲಿ ತುರ್ತಿಗೆ 112, ಆಂಬುಲೆನ್ಸಿಗೆ 108. ಒಬ್ಬಂಟಿಯಾಗಿ ಘಾಟಿ ಇಳಿಯಬೇಡಿ. ಇಳಿಯುವ ದಿನ ಬೆಳಿಗ್ಗೆ ಬ್ರೇಕಿನ ರಬ್ಬರನ್ನು ನೋಡಿ, ಸವೆದಿದ್ದರೆ ಘಟ್ಟದ ಮೇಲಿನ ಊರಿನಲ್ಲೇ ಬದಲಿಸಿಕೊಳ್ಳಿ. ನಮ್ಮ ಗೆಳೆಯರ ಭುಜ ಕೂಡಿದೆ. ಈ ಸಲ ತಮ್ಮ ಅಳತೆಯ ಸೈಕಲ್ಲೊಂದನ್ನು ಕೊಂಡಿದ್ದಾರೆ. ಡಿಸೆಂಬರಿನ ಮೊದಲ ವಾರ ಕಿಗ್ಗದ ದಾರಿಯಲ್ಲಿ ಜೊತೆಗೆ ಬರುವವರಿದ್ದರೆ ಕಚೇರಿಗೆ ಒಂದು ಕಾರ್ಡು ಬರೆಯಿರಿ.