ಮಕ್ಕಳ ಓದಿಗೋಸ್ಕರ ಅಮೆರಿಕಾನಾ? ಸ್ವಲ್ಪ ಲೆಕ್ಕ ಹಾಕಿ ಸ್ವಾಮಿ!

ಪುಣೆಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದ ಕಡೆ, ಅದು ಗಣೇಶನ ಹಬ್ಬವಿರಲಿ ರಾಜ್ಯೋತ್ಸವವಿರಲಿ, ಒಂದು ಮಾತು ಕಿವಿಗೆ ಬೀಳದೇ ಇರುವುದಿಲ್ಲ. "ನಮಗೇನು ಸಾರ್, ಇಲ್ಲೇ ಚೆನ್ನಾಗಿದೀವಿ. ಮಕ್ಕಳ ಓದಿಗೋಸ್ಕರ ಅಮೆರಿಕಾಕ್ಕೆ ಹೋಗ್ತಾ ಇದೀವಿ, ಅಷ್ಟೇ." ಹೇಳುವವರಿಗೆ ನಲವತ್ತು ದಾಟಿರುತ್ತದೆ. ಮಗಳು ಒಂಬತ್ತನೇ ಕ್ಲಾಸು, ಮಗ ಆರನೇ ಕ್ಲಾಸು. ಕೇಳಿದವರೆಲ್ಲ ತಲೆದೂಗುತ್ತಾರೆ, ತ್ಯಾಗ ಅಂದರೆ ಇದಪ್ಪಾ ಅನ್ನೋ ಹಾಗೆ.

ನಾನು ತಲೆದೂಗುವುದಿಲ್ಲ. ಅಮೆರಿಕಾದ ಮೇಲೆ ನನಗೇನೂ ಸಿಟ್ಟಿಲ್ಲ. ಒಳ್ಳೆಯ ಕೆಲಸಕ್ಕೆ, ಸಂಬಳಕ್ಕೆ, ನಾಲ್ಕು ದೇಶ ನೋಡುವ ಆಸೆಗೆ ಹೋಗುವವರು ಖುಷಿಯಾಗಿ ಹೋಗಿಬರಲಿ. ನಾವೂ ಒಂದು ಕಾಲಕ್ಕೆ ಊರು ಬಿಟ್ಟು ಬಂದವರೇ ತಾನೇ? ನನ್ನ ತಕರಾರು ಇರುವುದು "ಮಕ್ಕಳ ಓದಿಗೋಸ್ಕರ" ಅನ್ನುವ ಆ ಎರಡು ಪದದ ಬಗ್ಗೆ. ಕೆಲಸದ ವೀಸಾದ ಮೇಲೆ ಹೈಸ್ಕೂಲು ವಯಸ್ಸಿನ ಮಕ್ಕಳನ್ನು ಕರೆದುಕೊಂಡು ಹೋಗುವ ಭಾರತೀಯ ಕುಟುಂಬಕ್ಕೆ, ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬೀಳುವುದೇ ಮಕ್ಕಳ ಓದಿನ ವಿಷಯದಲ್ಲಿ!

ಮೊದಲು ದುಡ್ಡಿನ ಲೆಕ್ಕ ನೋಡೋಣ.

ನಮ್ಮವರ ಲೆಕ್ಕ ಒಂದೇ ಸಾಲಿನದು. 1,20,000 ಡಾಲರ್ ಸಂಬಳ, ಡಾಲರಿಗೆ ಎಂಬತ್ತೈದು ಅಂತಲೇ ಹಿಡಿಯಿರಿ, ವರ್ಷಕ್ಕೆ ಒಂದು ಕೋಟಿ! ಆದರೆ ಖರ್ಚು ಮಾಡುವುದು ಪುಣೆಯಲ್ಲಲ್ಲ. ಜೀವನವೆಚ್ಚ ಹೋಲಿಸಲು ಅರ್ಥಶಾಸ್ತ್ರಜ್ಞರು ಬಳಸುವ ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ, ಒಂದು ಡಾಲರ್ ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ಸುಮಾರು 20 ರೂಪಾಯಿ ಮಾಡುತ್ತದೆ. ಅಂದರೆ ಆ ಒಂದು ಕೋಟಿ ಇಲ್ಲಿನ ಇಪ್ಪತ್ತನಾಲ್ಕು-ಇಪ್ಪತ್ತೈದು ಲಕ್ಷಕ್ಕೆ ಸಮ. ಪುಣೆ, ಬೆಂಗಳೂರು, ಹೈದರಾಬಾದಿನಲ್ಲಿ ಹದಿನೈದು-ಇಪ್ಪತ್ತು ವರ್ಷ ಅನುಭವ ಇರುವ ಎಷ್ಟೋ ಜನರಿಗೆ ಇದೇನು ದೊಡ್ಡ ಮೊತ್ತವಲ್ಲ. ಉಳಿಸಿ ಊರಿಗೆ ಕಳಿಸಿದ ಡಾಲರಿಗೆ ಮಾತ್ರ ಎಂಬತ್ತೈದರ ಬೆಲೆ. ಹಾಗಾದರೆ ಉಳಿಯುವುದೆಷ್ಟು?

ಗಂಡ, ಹೆಂಡತಿ, ಇಬ್ಬರು ಮಕ್ಕಳು. 2024ರ ತೆರಿಗೆ ದರದಲ್ಲಿ ಕೇಂದ್ರದ ಆದಾಯ ತೆರಿಗೆ ಸುಮಾರು 9,500 ಡಾಲರ್. ಅದರ ಜೊತೆ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ಅಂತ ಸಂಬಳದ ಶೇ. 7.65 ಕಡಿತ, ಅಂದರೆ 9,180 ಡಾಲರ್. ಕಂಪನಿ ಮೂಲಕ ಕುಟುಂಬಕ್ಕೆ ಆರೋಗ್ಯ ವಿಮೆ ಮಾಡಿಸಿದರೆ ನೌಕರನ ಪಾಲು 2024ರಲ್ಲಿ ಸರಾಸರಿ 6,296 ಡಾಲರ್ ಇತ್ತು. ಕೈಗೆ ಬರುವುದು 95,000. ಇದು ಟೆಕ್ಸಾಸಿನಂಥ, ರಾಜ್ಯದ ಆದಾಯ ತೆರಿಗೆ ಇಲ್ಲದ ಕಡೆಯ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ಅದೂ ಉಂಟು. ಬಾಡಿಗೆ ತಿಂಗಳಿಗೆ 2,500 ಅಂತಿಟ್ಟುಕೊಳ್ಳಿ, ವರ್ಷಕ್ಕೆ 30,000 ಹೋಯಿತು. ಊಟ, ಎರಡು ಕಾರು, ಕಾರಿನ ವಿಮೆ, ಫೋನು, ಕರೆಂಟು, ಎರಡು ವರ್ಷಕ್ಕೊಮ್ಮೆ ಊರಿಗೆ ಬಂದು ಹೋಗುವ ಟಿಕೆಟ್ಟು ಎಲ್ಲಾ ಸೇರಿ ಇನ್ನೊಂದು 30,000. ಉಳಿಯಿತು 35,000.

ಪರವಾಗಿಲ್ಲವಲ್ಲ ಅಂತೀರಾ? ಈಗ ಮಗಳನ್ನು ಕಾಲೇಜಿಗೆ ಸೇರಿಸೋಣ.

ಅಲ್ಲಿ ಹನ್ನೆರಡನೇ ಕ್ಲಾಸಿನವರೆಗೆ ಸರಕಾರಿ ಶಾಲೆ ಬಿಟ್ಟಿ, ನಿಜ. ಆದರೆ ಶಾಲೆ ನಡೆಯುವುದು ಬಹುಮಟ್ಟಿಗೆ ಆ ಏರಿಯಾದ ಆಸ್ತಿ ತೆರಿಗೆಯಿಂದ. ಒಳ್ಳೆಯ ಶಾಲೆ ಇರುವ ಕಡೆ ಮನೆ ದುಬಾರಿ. ಇಲ್ಲಿ ಫೀಸು ಅಂತ ಕಟ್ಟುವುದನ್ನು ಅಲ್ಲಿ ಬಾಡಿಗೆ ಅಂತ ಕಟ್ಟುತ್ತೀರಿ. ಅದಿರಲಿ. ಕಾಲೇಜಿಗೆ ಬಂದರೆ ಆ ಬಿಟ್ಟಿ ಭಾಗ್ಯ ಮುಗಿಯಿತು. 2024-25ರಲ್ಲಿ ನಾಲ್ಕು ವರ್ಷದ ಸರಕಾರಿ ಕಾಲೇಜುಗಳ ಸರಾಸರಿ ಫೀಸು ಅದೇ ರಾಜ್ಯದವರಿಗೆ 11,610 ಡಾಲರ್, ಹೊರ ರಾಜ್ಯದವರಿಗೆ 30,780. ಖಾಸಗಿಯಾದರೆ 43,350. ಊಟ, ಹಾಸ್ಟೆಲು ಸೇರಿಸಿದರೆ ಸ್ಥಳೀಯರಿಗೆ ಸುಮಾರು 25,000, ಹೊರಗಿನವರಿಗೆ 44,000. ನಮ್ಮ ಹತ್ತಿರ ಉಳಿದದ್ದು 35,000. ಮಗಳು "ಸ್ಥಳೀಯಳು" ಅನ್ನಿಸಿಕೊಂಡರೆ ಬಚಾವ್. "ಹೊರಗಿನವಳು" ಆದರೆ ವರ್ಷಕ್ಕೆ 9,000 ಸಾಲ. ಹಿಂದಿನಿಂದ ತಮ್ಮ ಬೇರೆ ಬರುತ್ತಿದ್ದಾನೆ!

ಸ್ಥಳೀಯ, ಹೊರಗಿನವ ಅನ್ನುವ ಈ ಗೆರೆ ನಮಗೇನು ಹೊಸದೇ? ಹೊರನಾಡ ಕನ್ನಡಿಗರಿಗಿಂತ ಚೆನ್ನಾಗಿ ಇದನ್ನು ಬಲ್ಲವರು ಯಾರು ಹೇಳಿ. ಮಹಾರಾಷ್ಟ್ರದ ಡೊಮಿಸೈಲ್ ಸರ್ಟಿಫಿಕೇಟಿಗೆ ಹದಿನೈದು ವರ್ಷದ ವಾಸದ ದಾಖಲೆ ಹಿಡಿದು ತಹಸೀಲ್ದಾರ್ ಕಚೇರಿಗೆ ಅಲೆದವರು ನಾವು. ಅತ್ತ ಕರ್ನಾಟಕದ ಸಿಇಟಿಗೆ ಹೋದರೆ, ರಾಜ್ಯದಲ್ಲಿ ಏಳು ವರ್ಷ ಓದಿರಬೇಕು ಅನ್ನುವ ನಿಯಮ. ಹೊರನಾಡ ಕನ್ನಡಿಗರ ಕೋಟಾ ಬೇಕೆಂದರೆ ಮಗು ಕನ್ನಡ ಪರೀಕ್ಷೆ ಬರೆದು ಪಾಸಾಗಬೇಕು. ಇಷ್ಟೆಲ್ಲಾ ಅನುಭವಿಸಿದವರು, ಏಳು ಸಮುದ್ರ ದಾಟಿ ಇನ್ನೊಂದು ಡೊಮಿಸೈಲಿನ ಬಾಗಿಲಿಗೆ ಹೋಗಿ ನಿಲ್ಲುವಾಗ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ದೂರದ ಬೆಟ್ಟ ನುಣ್ಣಗೆ!

ಅಲ್ಲಿನ ಪರಿಸ್ಥಿತಿ ಹೀಗಿದೆ. ಅಪ್ಪನಿಗೆ ಎಚ್-1ಬಿ ಇದ್ದರೆ ಮಕ್ಕಳಿಗೆ ಎಚ್-4, ಅಪ್ಪನಿಗೆ ಎಲ್-1 ಇದ್ದರೆ ಮಕ್ಕಳಿಗೆ ಎಲ್-2. ಟೆಕ್ಸಾಸ್, ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಎಚ್-4 ಮಕ್ಕಳು ವಾಸದ ಅವಧಿ ತುಂಬಿದ ಮೇಲೆ ಸ್ಥಳೀಯರ ಫೀಸಿಗೆ ಅರ್ಹರಾಗಬಹುದು. ಈ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆದರೆ ಕೇಂದ್ರ ಸರಕಾರದ ವಿದ್ಯಾರ್ಥಿ ನೆರವು, ಸರಕಾರಿ ಶಿಕ್ಷಣ ಸಾಲ ಯಾವುದೂ ಎಚ್-4 ಮಕ್ಕಳಿಗಿಲ್ಲ. ಅವು ನಾಗರಿಕರಿಗೆ, ಗ್ರೀನ್ ಕಾರ್ಡಿನವರಿಗೆ. ಪಕ್ಕದ ಮನೆಯ ಹುಡುಗ ಕಾಫಿ ಅಂಗಡಿಯಲ್ಲಿ ಸಂಜೆ ನಾಲ್ಕು ಗಂಟೆ ದುಡಿದು ಕೈಖರ್ಚು ನೋಡಿಕೊಳ್ಳುತ್ತಾನೆ, ನಿಮ್ಮ ಮಗಳು ಹಾಗೆ ದುಡಿಯುವಂತಿಲ್ಲ. ಅವಳಿಗೆ ಸೋಷಿಯಲ್ ಸೆಕ್ಯುರಿಟಿ ನಂಬರೇ ಇರುವುದಿಲ್ಲ. ಅದೇ ಕಾರಣಕ್ಕೆ, ಚಿಕ್ಕ ಮಕ್ಕಳಿದ್ದವರಿಗೆ ಸಿಗುವ ತೆರಿಗೆ ರಿಯಾಯಿತಿ 2024ರಲ್ಲಿ ತಲೆಗೆ 2,000 ಡಾಲರ್ ತನಕ ಇದ್ದರೂ ನಮ್ಮವರಿಗೆ ಸಿಕ್ಕಿದ್ದು 500. ತೆರಿಗೆ ಮಾತ್ರ ಎಲ್ಲರಷ್ಟೇ!

ಇದಕ್ಕಿಂತ ದೊಡ್ಡ ಗೋಡೆ ಇರುವುದು ಇಪ್ಪತ್ತೊಂದನೇ ಹುಟ್ಟುಹಬ್ಬದ ದಿನ. ಅವತ್ತಿಗೆ ಎಚ್-4, ಎಲ್-2 ಎರಡೂ ಮುಗಿಯುತ್ತವೆ. ಅಷ್ಟರೊಳಗೆ ಗ್ರೀನ್ ಕಾರ್ಡ್ ಬಂದಿರಬೇಕು, ಇಲ್ಲವೇ ಮಗು ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು, ಇಲ್ಲವೇ ದೇಶ ಬಿಡಬೇಕು. ಗ್ರೀನ್ ಕಾರ್ಡಿನ ಕಥೆ ನಿಮಗೆ ಗೊತ್ತಿರುವುದೇ. ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,40,000, ಅದರಲ್ಲೇ ಹೆಂಡತಿ ಮಕ್ಕಳೂ ಸೇರಿ. ಒಂದು ದೇಶಕ್ಕೆ ಶೇ. 7ರ ಮಿತಿ. ಪುಟ್ಟ ಐಸ್‌ಲ್ಯಾಂಡಿಗೂ ಅದೇ, ನಮಗೂ ಅದೇ. 2025ರಲ್ಲಿ ಭಾರತೀಯರ ಇಬಿ-2, ಇಬಿ-3 ಸಾಲುಗಳು 2013ರ ಆಸುಪಾಸಿನಲ್ಲಿ ಅರ್ಜಿ ಹಾಕಿದವರ ಹತ್ತಿರ ತೆವಳುತ್ತಿದ್ದವು. ಅಂದರೆ ಹನ್ನೆರಡು ವರ್ಷ ಹಿಂದಿನವರ ಸರದಿ. ಇವತ್ತು ಸಾಲಿಗೆ ನಿಲ್ಲುವವರಿಗೆ ಅದಕ್ಕಿಂತಲೂ ಉದ್ದ. 2002ರಲ್ಲಿ ಬಂದ ಮಕ್ಕಳ ರಕ್ಷಣೆಯ ಕಾನೂನೊಂದಿದೆ, ಕಂಪನಿಯ ಅರ್ಜಿ ಸರಕಾರದ ಮೇಜಿನ ಮೇಲಿದ್ದಷ್ಟು ಕಾಲವನ್ನು ವಯಸ್ಸಿನಿಂದ ಕಳೆದುಕೊಡುತ್ತದೆ. ಸಾಮಾನ್ಯವಾಗಿ ಅದು ತಿಂಗಳುಗಳ ಮಾತು, ಹತ್ತು ವರ್ಷದ್ದಲ್ಲ.

ಈಗ ಮಗುವಿನ ವಯಸ್ಸನ್ನು ಇಪ್ಪತ್ತೊಂದರಿಂದ ಕಳೆಯಿರಿ. ಒಂಬತ್ತನೇ ಕ್ಲಾಸಿನ ಮಗಳಿಗೆ ಹದಿನಾಲ್ಕು, ಉಳಿದದ್ದು ಏಳು ವರ್ಷ. ಮಗನಿಗೆ ಹನ್ನೊಂದು, ಉಳಿದದ್ದು ಹತ್ತು. ಸಾಲು ಹನ್ನೆರಡಕ್ಕೂ ಹೆಚ್ಚು. ಇಷ್ಟು ಲೆಕ್ಕ ಹಾಕಲು ಎಂಜಿನಿಯರೇ ಆಗಬೇಕಿಲ್ಲ. ಹದಿನೆಂಟಕ್ಕೆ ಕಾಲೇಜು ಸೇರಿದ ಮಗಳಿಗೆ ಮೂರನೇ ವರ್ಷದ ಹೊತ್ತಿಗೆ ಇಪ್ಪತ್ತೊಂದು ತುಂಬುತ್ತದೆ. ಅಲ್ಲಿಗೆ ಅವಳು ಎಫ್-1, ಅಂದರೆ ಕಾನೂನಿನ ಪ್ರಕಾರ ಓದು ಮುಗಿಸಿ ತನ್ನ ದೇಶಕ್ಕೆ ಮರಳುವ ವಿದೇಶಿ ವಿದ್ಯಾರ್ಥಿನಿ. ಮರಳಿ ಹೋಗುವವಳು ಇಲ್ಲಿನ ಸ್ಥಳೀಯಳು ಹೇಗಾಗುತ್ತಾಳೆ ಅಂತ ಬಹಳ ಕಡೆ ಕೇಳುತ್ತಾರೆ. 25,000 ಹೋಗಿ 44,000 ಬರುವುದು ಇಲ್ಲೇ. ಓದು ಮುಗಿದ ಮೇಲೆ ಸ್ವಲ್ಪ ಕಾಲ ಕೆಲಸದ ಪರವಾನಗಿ, ಆಮೇಲೆ ಎಚ್-1ಬಿ ಲಾಟರಿ. ಅಪ್ಪ ನಿಂತ ಸಾಲಿನ ಕೊನೆಯಲ್ಲಿ ಮಗಳು!

ಇಂಥ ಮಕ್ಕಳಿಗೆ ಅಲ್ಲಿ ಡಾಕ್ಯುಮೆಂಟೆಡ್ ಡ್ರೀಮರ್ಸ್ ಅಂತ ಒಂದು ಹೆಸರೇ ಇದೆ. ದಾಖಲೆ ಇಲ್ಲದೆ ಬಂದ ಮಕ್ಕಳಿಗೆ 2012ರಲ್ಲಿ ಒಬಾಮಾ ಸರಕಾರ ಒಂದು ರಕ್ಷಣೆ ತಂದಿತು. ಅದು ಇವರಿಗೆ ಅನ್ವಯಿಸಲಿಲ್ಲ. ಯಾಕೆ ಗೊತ್ತೇ? ಇವರ ಹತ್ತಿರ ದಾಖಲೆ ಸರಿಯಾಗಿತ್ತು! ಇವರಿಗಾಗಿ 2021ರಲ್ಲಿ, ಮತ್ತೆ 2023ರಲ್ಲಿ ಮಸೂದೆ ಮಂಡನೆಯಾಯಿತು, ಕಾನೂನು ಆಗಲಿಲ್ಲ.

ಇನ್ನು ಹೆಂಡತಿಯ ವಿಷಯ. ಇಲ್ಲಿ ಬ್ಯಾಂಕಿನಲ್ಲೋ ಶಾಲೆಯಲ್ಲೋ ಹದಿನೈದು ವರ್ಷ ದುಡಿದ ಹೆಂಗಸು. ಎಲ್-1 ಆದರೆ 2021ರಿಂದ ಹೆಂಡತಿಗೆ ನೇರವಾಗಿ ಕೆಲಸ ಮಾಡುವ ಅವಕಾಶ ಇದೆ. ಎಚ್-4 ಆದರೆ 2015ರ ನಿಯಮದ ಪ್ರಕಾರ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟುವ ತನಕ ಮನೆಯಲ್ಲೇ. ಹೋದ ಆ ಸಂಬಳವನ್ನು, ಪಿಂಚಣಿಯನ್ನು ಖರ್ಚಿನ ಕಾಲಮಿನಲ್ಲಿ ಬರೆದ ಗಂಡಸನ್ನು ನಾನಿನ್ನೂ ನೋಡಿಲ್ಲ. ಮೇಲೆ ಹೇಳಿದ ಶೇ. 7.65 ಕಡಿತದಲ್ಲಿ ಶೇ. 6.2 ಸೋಷಿಯಲ್ ಸೆಕ್ಯುರಿಟಿಗೆ. ಅದರ ಪಿಂಚಣಿ ಬೇಕೆಂದರೆ ಒಟ್ಟು ಹತ್ತು ವರ್ಷ ದುಡಿದಿರಬೇಕು. ಎಚ್-1ಬಿಯ ಸಾಮಾನ್ಯ ಮಿತಿ ಆರು ವರ್ಷ, ಎಲ್-1ಕ್ಕೆ ಐದು ಅಥವಾ ಏಳು. ಈ ಬಗ್ಗೆ ಭಾರತಕ್ಕೂ ಅಮೆರಿಕಾಕ್ಕೂ ಒಪ್ಪಂದ ಇಲ್ಲ. ಆರು ವರ್ಷ ಕಟ್ಟಿ ವಾಪಸ್ ಬಂದರೆ ಆ ದುಡ್ಡಿಗೆ ಗೋವಿಂದಾ!

"ಆಗದಿದ್ದರೆ ವಾಪಸ್ ಬಂದರಾಯಿತು" ಅನ್ನುವುದು ಇನ್ನೊಂದು ಸುಲಭದ ಮಾತು. ಅಪ್ಪ ಬಂದಾನು, ಕೆಲಸವೂ ಸಿಕ್ಕೀತು. ಹನ್ನೊಂದನೇ ಕ್ಲಾಸಿನ ಮಗು ಎಲ್ಲಿಗೆ ಬರಬೇಕು? ಜೆಇಇ, ನೀಟ್ ಓದಿಲ್ಲ. ಇಲ್ಲಿನ ಡೊಮಿಸೈಲು ಸಡಿಲವಾಗಿದೆ, ಕರ್ನಾಟಕದ ಏಳು ವರ್ಷ ಮೊದಲೇ ಇರಲಿಲ್ಲ, ಅಮೆರಿಕಾದ ಸ್ಥಳೀಯ ಅರ್ಹತೆ ಕೈಗೆ ಬರಲಿಲ್ಲ. ಅನಿವಾಸಿ ಮಕ್ಕಳಿಗೆ ಎನ್‌ಐಟಿಗಳಲ್ಲಿ ಡಾಸಾ ಅಂತ ಸೀಟುಗಳಿವೆ, ಅದಕ್ಕೂ ಜೆಇಇ ಮೇನ್ ಬರೆಯಬೇಕು. ಮೂರು ಕಡೆ ಓದಿ ಮೂರು ಕಡೆಯೂ ಹೊರಗಿನವರಾಗುವುದು ಅಂದರೆ ಇದು.

"ಇಲ್ಲಿ ಏನಿದೆ ಮಹಾ? ಕೋಚಿಂಗ್ ಕ್ಲಾಸಿನ ಗಾಣ ತಾನೇ" ಅಂತ ನೀವು ಕೇಳಬಹುದು. ಒಪ್ಪಿದೆ. ಅಲ್ಲಿನ ಹೈಸ್ಕೂಲಿನಲ್ಲಿ ಮಗು ಭೌತಶಾಸ್ತ್ರದ ಜೊತೆ ಸಂಗೀತ ಓದಬಹುದು, ಲೈಬ್ರರಿ ಚೆನ್ನಾಗಿರುತ್ತದೆ, ಪ್ರಶ್ನೆ ಕೇಳಿದರೆ ಮೇಷ್ಟ್ರು ಬೈಯುವುದಿಲ್ಲ. ಇವೆಲ್ಲ ಸುಳ್ಳಲ್ಲ. ಆದರೆ ಅದಕ್ಕೆ ಹೋಗಬೇಕಾದ ವಯಸ್ಸು ಬೇರೆ, ದಾರಿ ಬೇರೆ. ಮಗುವಿಗೆ ಮೂರೋ ನಾಲ್ಕೋ ಇದ್ದರೆ ಹದಿನೇಳು ವರ್ಷ ಕೈಯಲ್ಲಿದೆ, ಹೋಗಿ ನೋಡಿ. ಕಂಪನಿಯ ಮ್ಯಾನೇಜರುಗಳಿಗಿರುವ ಇಬಿ-1 ದಾರಿ ತೆರೆದಿದ್ದರೆ ಸಾಲು ಚಿಕ್ಕದು, ಅದನ್ನು ಬಾಯಿಮಾತಲ್ಲಿ ಅಲ್ಲ, ಲಿಖಿತವಾಗಿ ಕೇಳಿ. ಮಕ್ಕಳು ಅಲ್ಲೇ ಹುಟ್ಟಿದ ನಾಗರಿಕರಾಗಿದ್ದರೆ ಇಲ್ಲಿ ಬರೆದ ಅರ್ಧಕ್ಕರ್ಧ ನಿಮಗಲ್ಲ. ಇದ್ಯಾವುದೂ ಇಲ್ಲವೇ? ಮಗಳು ಇಲ್ಲೇ ಡಿಗ್ರಿ ಮುಗಿಸಲಿ. ಐಐಟಿಯಲ್ಲೇ ಬಿ.ಟೆಕ್ ಟ್ಯೂಷನ್ ಫೀಸು 2016ರಿಂದ ವರ್ಷಕ್ಕೆ 2 ಲಕ್ಷ, ನಾಲ್ಕು ವರ್ಷಕ್ಕೆ 8 ಲಕ್ಷ. ಅಲ್ಲಿನ ಸ್ಥಳೀಯರ ಒಂದು ವರ್ಷದ ಫೀಸಿಗಿಂತ ಕಡಿಮೆ. ಇಪ್ಪತ್ತೆರಡನೇ ವಯಸ್ಸಿಗೆ ಅವಳೇ ತನ್ನ ಇಷ್ಟಕ್ಕೆ, ತನ್ನ ವೀಸಾದ ಮೇಲೆ, ತನ್ನ ಅರ್ಹತೆಯ ಮೇಲೆ ಅಲ್ಲಿಗೆ ಹೋಗಲಿ. ಪಿಎಚ್‌ಡಿಗೆ ಹೋದರೆ ಬಹಳ ಕಡೆ ಫೀಸು ಮನ್ನಾ, ಮೇಲೆ ಖರ್ಚಿಗೂ ಕೊಡುತ್ತಾರೆ.

ಇನ್ನು ನಿಯಮಗಳು ನಾವು ನಂಬಿ ಕೂರುವಂಥವೂ ಅಲ್ಲ. 2025ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷರ ಒಂದೇ ಘೋಷಣೆ, ಅಮೆರಿಕಾದ ಹೊರಗಿದ್ದವರಿಗೆ ಹೊಸ ಎಚ್-1ಬಿ ಕೇಳುವ ಕಂಪನಿ 1,00,000 ಡಾಲರ್ ಕಟ್ಟಬೇಕು ಅಂತ. ಎರಡು ದಿನದೊಳಗೆ ಜಾರಿ. ರಜಕ್ಕೆ ಊರಿಗೆ ಬಂದವರು ತಮಗೂ ಅನ್ವಯವೋ ಏನೋ ಅಂತ ಗೊತ್ತಾಗದೆ ವಿಮಾನ ನಿಲ್ದಾಣಕ್ಕೆ ಓಡಿದ್ದು ಮರೆತಿಲ್ಲ ತಾನೇ? ಅವರ ದೇಶ, ಅವರ ಕಾನೂನು, ನಮ್ಮ ಹಕ್ಕೇನೂ ಇಲ್ಲ. ಆದರೆ ಅಂಥ ನೆಲದ ಮೇಲೆ ಹದಿನಾಲ್ಕರ ಮಗುವಿನ ನಾಲ್ಕು ವರ್ಷದ ಡಿಗ್ರಿ ಕಟ್ಟುವಾಗ ಅಪ್ಪ ಅಮ್ಮ ಕಣ್ಣು ಬಿಟ್ಟುಕೊಂಡಿರಬೇಕಲ್ಲವೇ?

ನಾನು ಕೇಳುವುದು ಇಷ್ಟೇ. ಹೋಗುವ ಆಸೆ ನಿಮ್ಮದಾದರೆ, ನಿಮ್ಮದು ಅಂತ ಹೇಳಿ. ಅದರಲ್ಲಿ ನಾಚಿಕೆ ಏನಿದೆ? ನಮ್ಮ ಆಸೆಯ ಬಂದೂಕನ್ನು ಮಕ್ಕಳ ಹೆಗಲ ಮೇಲಿಟ್ಟು ಹೊಡೆಯುವುದು ಬೇಡ. ಯಾಕೆಂದರೆ ಇಪ್ಪತ್ತೊಂದು ತುಂಬಿದ ದಿನ "ನಿನಗೋಸ್ಕರವೇ ಬಂದದ್ದಮ್ಮಾ" ಅಂತ ಹೇಳಿದರೆ, ಆ ಹುಡುಗಿ ತಿರುಗಿ ಒಂದೇ ಪ್ರಶ್ನೆ ಕೇಳುತ್ತಾಳೆ. "ಹಾಗಾದರೆ ಹೊರಡುವ ಮುಂಚೆ ನನ್ನ ವಯಸ್ಸು ಎಷ್ಟು ಅಂತ ಯಾಕೆ ನೋಡಲಿಲ್ಲ ಅಪ್ಪಾ?"

ಉತ್ತರ ಇಟ್ಟುಕೊಂಡು ಹೊರಡಿ.